ಮೂತ್ರಪರೀಕ್ಷೆಯೂ ಶಿಶುಗಳ ಮೈಟೊಕಾಂಡ್ರಿಯ ರೋಗಗಳೂ: ಬೆಂಗಳೂರಿನ ಸುತ್ತಿನ ಕೆಲವು ಘಟ್ಟಗಳು

ಮೂತ್ರವನ್ನು ಪರಿಶೀಲಿಸಿ ರೋಗವನ್ನು ಅರಿಯುವ ಪದ್ಧತಿ ನಮ್ಮ ದೇಶಕ್ಕೆ ಹೊಸತಲ್ಲ. ಪ್ರಮೇಹದಲ್ಲಿ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯೇ ಗುರುತಿಸಿದೆ. ಆದರೆ ವಂಶದಿಂದ ಬಂದ ರಾಸಾಯನಿಕ ದೋಷವೊಂದು ಮೂತ್ರದಲ್ಲಿ ತನ್ನ ಗುರುತನ್ನು ಬಿಡುತ್ತದೆಂಬ ವಿಚಾರ ಇಪ್ಪತ್ತನೆಯ ಶತಮಾನದ್ದು. ಗಾಳಿ ತಗಲಿ ಕಪ್ಪಾಗುವ ಮೂತ್ರವುಳ್ಳವರನ್ನು ಕುರಿತು 1902ರಲ್ಲಿ ಬರೆದ ಆಂಗ್ಲ ವೈದ್ಯ ಆರ್ಚಿಬಾಲ್ಡ್ ಗ್ಯಾರಡನು, ಅಂಥವರ ತಂದೆತಾಯಿಗಳಲ್ಲಿ ಹಲವರು ಒಡಹುಟ್ಟಿದವರ ಮಕ್ಕಳೆಂಬುದನ್ನು ಕಂಡನು. ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆಯುಳ್ಳ ನಮ್ಮ ಸೀಮೆಗೆ ಈ ಮಾತು ಎಷ್ಟು ಹತ್ತಿರದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1934ರಲ್ಲಿ ನಾರ್ವೆಯ ಫೋಲಿಂಗನು ಬುದ್ಧಿ ಬೆಳೆಯದ ಇಬ್ಬರು ಒಡಹುಟ್ಟಿದ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡನ್ನು ಬೆರೆಸಿದಾಗ ಹಸುರು ಬಣ್ಣ ಕಾಣಿಸಿತು. ಫಿನೈಲ್‌ಕೀಟೋನ್ಯೂರಿಯ ಎಂಬ ರೋಗ ಹೀಗೆ ಬೆಳಕಿಗೆ ಬಂತು.

ಮೈಟೊಕಾಂಡ್ರಿಯದ ಕಥೆ ಇದಕ್ಕಿಂತ ಈಚಿನದು. ಜೀವಕೋಶದೊಳಗಿನ ಈ ಕಣಗಳು ಆಮ್ಲಜನಕದ ನೆರವಿನಿಂದ ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸುತ್ತವೆ. ಈ ಕೆಲಸ ಕುಂಟಿದರೆ ಪೈರುವಿಕ್ ಆಮ್ಲವು ಮುಂದೆ ಸಾಗಲಾರದೆ ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ಏರಿ, ಮೂತ್ರಕ್ಕೂ ಹರಿಯುತ್ತದೆ. ಹೆಚ್ಚು ಶಕ್ತಿಯನ್ನು ಬೇಡುವ ಮಿದುಳು, ಹೃದಯ, ಸ್ನಾಯುಗಳು ಮೊದಲು ಸೊರಗುತ್ತವೆ. ಸ್ಟಾಕ್‌ಹೋಮಿನ ಲುಫ್ಟ್ ಮತ್ತು ಸಂಗಡಿಗರು ಇಂಥ ಮೊದಲನೆಯ ರೋಗಿಯನ್ನು ವರ್ಣಿಸಿದ್ದು 1962ರಲ್ಲಿ. ಮೈಟೊಕಾಂಡ್ರಿಯದ 16,569 ಅಕ್ಷರಗಳ ಡಿ.ಎನ್.ಎ. 1981ರಲ್ಲಿ ಪೂರ್ಣವಾಗಿ ಓದಲ್ಪಟ್ಟಿತು. ಅದರ ದೋಷಗಳಿಂದ ರೋಗ ಬರುವುದು 1988ರಲ್ಲಿ ಸಿದ್ಧವಾಯಿತು. ಈ ನಡುವೆ ಗ್ಯಾಸ್ ಕ್ರೊಮಟೊಗ್ರಾಫ್ ಯಂತ್ರವು ಮೂತ್ರದ ಸಾವಯವ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸತೊಡಗಿತ್ತು.

ಬೆಂಗಳೂರಿನಲ್ಲಿ ಈ ಶೋಧದ ಬೇರು ಮಾನಸಿಕ ಆರೋಗ್ಯದ ಸಂಸ್ಥೆಯೊಂದರಲ್ಲಿದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಶ್ರೀಧರ ರಾಮರಾವ್ ಮತ್ತು ಸಹೋದ್ಯೋಗಿಗಳು ಬುದ್ಧಿಮಾಂದ್ಯವುಳ್ಳ 657 ಮಂದಿಯ ವೈದ್ಯಕೀಯ ಹಾಗೂ ಜೀವರಾಸಾಯನಿಕ ಪರಿಶೀಲನೆಯನ್ನು 1971ರಲ್ಲಿ ಪ್ರಕಟಿಸಿದರು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿರಾವ್, ರಾಧಾ ರಮಾದೇವಿ ಮೊದಲಾದವರು ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲಗಳನ್ನು ಅಳೆದರು. ಅದು ರಕ್ತದ ಪರೀಕ್ಷೆ, ಮೂತ್ರದ್ದಲ್ಲ. ಆದರೂ ಇಲ್ಲಿ ಅದನ್ನು ಬಿಡಲಾಗದು. ಅದೇ ಬಳಗವು ಬಿಟಲ್ಸ್ ಎಂಬ ವಿದ್ವಾಂಸನೊಡನೆ ನಡೆಸಿದ ಗಣತಿಯಲ್ಲಿ ಮೂರರಲ್ಲೊಂದರಷ್ಟು ವಿವಾಹಗಳು ರಕ್ತಸಂಬಂಧದೊಳಗಿನವೆಂದು ಕಂಡುಬಂತು. ಮುಂದೆ ನಿಮ್ಹಾನ್ಸಿನ ನರವೈದ್ಯರು ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಜೊತೆಗೂಡಿ ಲೀ ರೋಗ ಮೊದಲಾದ ಮೈಟೊಕಾಂಡ್ರಿಯ ವ್ಯಾಧಿಗಳ ಅಧ್ಯಯನವನ್ನು ಬೆಳೆಸಿದರು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಮಗುವಿಗೆ ಈ ಇತಿಹಾಸದಿಂದ ದೊರೆಯುವ ಫಲವೇನು? ಮೊದಲನೆಯ ತೊಡಕು ತೀರ ಸಾಮಾನ್ಯವಾದುದು. ಬಿಸಿಲಿನಲ್ಲಿ ಉಳಿದ ಮೂತ್ರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ತಾವೇ ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸುತ್ತವೆ. ದೊಡ್ಡಬಳ್ಳಾಪುರದಿಂದ ಸುಮಾರು 40 ಕಿಲೋಮೀಟರು ಬಸ್ಸಿನಲ್ಲಿ ಬಂದ ಶೀಸೆ, ಇಲ್ಲದ ರೋಗವನ್ನು ಹೇಳೀತು. ಆದುದರಿಂದ ಮೂತ್ರವನ್ನು ಕೂಡಲೇ ಹೆಪ್ಪುಗಟ್ಟಿಸಬೇಕು, ಇಲ್ಲವೆ ಶೋಧಕ ಕಾಗದದ ಮೇಲೆ ಒಣಗಿಸಿ ಕಳುಹಿಸಬೇಕು.

ಎರಡನೆಯದು ನಿರ್ಣಯಕ್ಕೆ ಸಂಬಂಧಿಸಿದ್ದು. ಲ್ಯಾಕ್ಟಿಕ್ ಆಮ್ಲದೊಡನೆ ಫ್ಯುಮರಿಕ್, ಮ್ಯಾಲಿಕ್ ಆಮ್ಲಗಳು ಏರಿದ್ದರೆ ಮೈಟೊಕಾಂಡ್ರಿಯದ ಶಂಕೆ ಬಲಿಯುತ್ತದೆ. ಏರದಿದ್ದರೆ ರೋಗವಿಲ್ಲವೆಂದು ಹೇಳಲಾಗದು. ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ದೊಡ್ಡ ಉಪಯೋಗ ಬೇರೆಡೆ ಇದೆ. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಯುಳ್ಳ ಮಗುವಿಗೂ ಸೆಳವು ಬರುತ್ತದೆ, ಮೈ ಬಲಗುಂದುತ್ತದೆ, ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಆದರೆ ಅದರ ಮೂತ್ರದಲ್ಲಿ ಸಾಮಾನ್ಯವಾಗಿ 3-ಹೈಡ್ರಾಕ್ಸಿ ಐಸೊವಲೆರಿಕ್ ಆಮ್ಲವೂ ಇರುತ್ತದೆ. ಬಯೋಟಿನ್ ಎಂಬ ಜೀವಸತ್ವವನ್ನು ಬೇಗನೆ ಆರಂಭಿಸಿ ದಿನವೂ ಕೊಟ್ಟರೆ ಆ ಮಗು ಚೇತರಿಸಿಕೊಳ್ಳುತ್ತದೆ. ತಡವಾದರೆ ಹೋದ ಕಿವಿ, ಕಣ್ಣುಗಳು ಮರಳಿ ಬರುವುದು ಕಷ್ಟ. ಮೈಟೊಕಾಂಡ್ರಿಯ ರೋಗಗಳಲ್ಲಿ ಬಹುಪಾಲಿಗೆ ಇಂಥ ಔಷಧವಿಲ್ಲ.

ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಬರುತ್ತದೆಂಬ ಮಾತು ಮನೆಗಳಲ್ಲಿ ಬೇರೆ ಅರ್ಥ ಪಡೆಯುವುದುಂಟು. ಸೊಸೆಯನ್ನು ದೂರಲು ಅದೊಂದು ನೆವವಾಗುತ್ತದೆ. ವಾಸ್ತವದಲ್ಲಿ ಎಳೆಯ ಮಕ್ಕಳ ಮೈಟೊಕಾಂಡ್ರಿಯ ರೋಗಗಳಲ್ಲಿ ಹೆಚ್ಚಿನವು ಕೋಶಕೇಂದ್ರದ ಜೀನುಗಳ ದೋಷದಿಂದ ಬರುತ್ತವೆ. ಇವುಗಳಲ್ಲಿ ಬಹುಮಟ್ಟಿಗೆ ತಂದೆತಾಯಿಗಳಿಬ್ಬರ ಪಾಲೂ ಸಮವಾಗಿರುತ್ತದೆ. ರಕ್ತಸಂಬಂಧದ ವಿವಾಹ ಹೆಚ್ಚಿಸುವುದು ಇವುಗಳನ್ನು, ತಾಯಿಯ ಸಾಲಿನಲ್ಲಿ ಇಳಿಯುವ ದೋಷಗಳನ್ನಲ್ಲ.

ಈಚೆಗೆ ಮೂತ್ರಕ್ಕೆ ಮತ್ತೊಂದು ಬಳಕೆ ದೊರೆತಿದೆ. 3243ನೆಯ ಸ್ಥಾನದ ಪ್ರಸಿದ್ಧ ದೋಷವು ವಯಸ್ಸಾದಂತೆ ರಕ್ತದಲ್ಲಿ ಕ್ಷೀಣಿಸುತ್ತದೆ. ಮೂತ್ರದ ಗಸಿಯಲ್ಲಿ ಉದುರಿದ ಜೀವಕೋಶಗಳಲ್ಲಿ ಅದು ಹೆಚ್ಚಾಗಿ ಉಳಿದಿರುತ್ತದೆ. ಹೀಗಾಗಿ, ತೊಡೆಯ ಸ್ನಾಯುವಿನ ಚೂರನ್ನು ಕತ್ತರಿಸಿ ತೆಗೆಯುವ ಪರೀಕ್ಷೆ ಕೆಲವು ರೋಗಿಗಳಿಗಾದರೂ ತಪ್ಪಿದೆ.