ಕಿಸೆಯಲ್ಲಿ ಕ್ರಾಂತಿ: ನಾಣ್ಯದ ವ್ಯಾಪಾರಿಯೊಬ್ಬನ ರಾಜಕೀಯ

ನಮ್ಮ ಹಳೆಯ ಹೋಟೆಲುಗಳಲ್ಲಿ, ಕ್ಷೌರದಂಗಡಿಗಳಲ್ಲಿ 'ಇಲ್ಲಿ ರಾಜಕೀಯ ಮಾತನಾಡಬಾರದು' ಎಂಬ ಫಲಕ ತೂಗುಹಾಕಿರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಅದರ ಹಿಂದಿನ ತರ್ಕ ಸರಳ. ಗಿರಾಕಿಗಳಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ. ಒಬ್ಬನನ್ನು ಮೆಚ್ಚಿಸಲು ಹೋದರೆ ಇನ್ನೊಬ್ಬ ಎದ್ದುಹೋಗುತ್ತಾನೆ. ಕಾಫಿ, ಕ್ಷೌರಗಳಿಗೇ ಈ ಎಚ್ಚರಿಕೆ ಬೇಕೆಂದಮೇಲೆ ಅಂಚೆಚೀಟಿ, ಹಳೆಯ ನಾಣ್ಯಗಳಂಥ ಹವ್ಯಾಸದ ವಸ್ತುಗಳನ್ನು ಮಾರುವವನಿಗೆ ಅದು ಇನ್ನೂ ಹೆಚ್ಚು ಬೇಕು. ಅವನಲ್ಲಿಗೆ ಬರುವವರು ಬಿಡುವಿನ ವೇಳೆಯ ಸಂತೋಷಕ್ಕಾಗಿ ಬರುವವರು. ಜಗಳ ಬೇಕೆಂದು ಬರುವವರಲ್ಲ.

ಆದರೆ ಸುಮಾರು 230 ವರ್ಷಗಳ ಹಿಂದೆ ಲಂಡನ್ ನಗರದಲ್ಲಿ ಈ ತರ್ಕವನ್ನು ಸಂಪೂರ್ಣ ತಲೆಕೆಳಗು ಮಾಡಿದ ವ್ಯಾಪಾರಿಯೊಬ್ಬನಿದ್ದ. ಅವನ ಹೆಸರು ಥಾಮಸ್ ಸ್ಪೆನ್ಸ್. ಅವನ ಅಂಗಡಿಯಲ್ಲಿ ರಾಜಕೀಯ ಮಾತನಾಡಬಹುದಾಗಿತ್ತು ಎಂದರೆ ಸಾಲದು. ಅಲ್ಲಿ ಮಾರಾಟಕ್ಕಿದ್ದದ್ದೇ ರಾಜಕೀಯ. ನಾಣ್ಯ ಸಂಗ್ರಾಹಕರ ಹವ್ಯಾಸವನ್ನು ತನ್ನ ವಿಚಾರಗಳ ವಾಹನವನ್ನಾಗಿ ಮಾಡಿಕೊಂಡವನು ಈತ. ಹಾಗೆ ಮಾಡಿದ್ದರಿಂದ ಅವನು ಏನು ಪಡೆದ, ಏನು ಕಳೆದುಕೊಂಡ ಎಂಬುದು ಇಂದಿಗೂ ಯೋಚಿಸತಕ್ಕ ವಿಷಯ.

ಚಿಲ್ಲರೆಯ ಬರ

ಮೊದಲು ಆ ಕಾಲದ ಇಂಗ್ಲೆಂಡಿನ ಒಂದು ವಿಚಿತ್ರ ಪರಿಸ್ಥಿತಿಯನ್ನು ತಿಳಿಯಬೇಕು. ಚಿಲ್ಲರೆ ಇಲ್ಲವೆಂದು ಪೆಪ್ಪರಮಿಂಟು ಕೈಗಿಡುವ ಅಂಗಡಿಯವರನ್ನೂ, ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ ಬಸ್ ಕಂಡಕ್ಟರುಗಳನ್ನೂ ಕಂಡಿರುವ ನಮಗೆ ಇದು ಸುಲಭವಾಗಿ ಅರ್ಥವಾದೀತು. 1775ರ ನಂತರ ಎರಡು ದಶಕಗಳ ಕಾಲ ಅಲ್ಲಿನ ಸರ್ಕಾರಿ ಟಂಕಸಾಲೆ ತಾಮ್ರದ ಅರ್ಧ ಪೆನ್ನಿಗಳನ್ನು ಹೊರತರುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿತ್ತು. ಅದೇ ವೇಳೆಗೆ ಕಾರ್ಖಾನೆಗಳು ಏಳುತ್ತಿದ್ದವು. ಸಾವಿರಾರು ಕಾರ್ಮಿಕರಿಗೆ ವಾರದ ಕೂಲಿ ಕೊಡಬೇಕಾಗಿತ್ತು. ಕೊಡಲು ಸಣ್ಣ ನಾಣ್ಯವೇ ಇರಲಿಲ್ಲ. ಚಲಾವಣೆಯಲ್ಲಿದ್ದ ತಾಮ್ರದ ಕಾಸುಗಳಲ್ಲಿ ಬಹುಪಾಲು ಖೋಟಾ.

ಈ ಕೊರತೆಯನ್ನು ಖಾಸಗಿಯವರೇ ತುಂಬಿದರು. 1787ರಲ್ಲಿ ವೇಲ್ಸಿನ ಆಂಗ್ಲೆಸೀ ದ್ವೀಪದ ಪ್ಯಾರಿಸ್ ತಾಮ್ರದ ಗಣಿ ಕಂಪೆನಿ ತನ್ನದೇ ಪೆನ್ನಿಗಳನ್ನು ಅಚ್ಚು ಹಾಕಿಸಿತು. ಕಬ್ಬಿಣದ ದೊರೆ ಎನಿಸಿದ್ದ ಜಾನ್ ವಿಲ್ಕಿನ್ಸನ್ ತನ್ನ ಮುಖವನ್ನೇ ಮೂಡಿಸಿದ ಬಿಲ್ಲೆಗಳನ್ನು ಹೊರಡಿಸಿದ. ಬಳಿಕ ಊರೂರಿನ ವರ್ತಕರೂ ಇದೇ ದಾರಿ ಹಿಡಿದರು. ಟೀ ವ್ಯಾಪಾರಿ, ಪುಸ್ತಕದಂಗಡಿಯವನು, ಬಟ್ಟೆ ಅಂಗಡಿಯವನು ಹೀಗೆ ಎಲ್ಲರೂ ತಮ್ಮ ಹೆಸರು, ವಿಳಾಸ ಕೊರೆಸಿದ ತಾಮ್ರದ ಬಿಲ್ಲೆಗಳನ್ನು ಹಂಚತೊಡಗಿದರು. ಇವುಗಳಿಗೆ 'ಟೋಕನ್' ಎಂದು ಹೆಸರು. ಆ ಅಂಗಡಿಗೆ ಹೋಗಿ ಕೊಟ್ಟರೆ ಬದಲಿಗೆ ಹಣ ಸಿಗುತ್ತಿತ್ತು. ಅದೇ ಚಿಲ್ಲರೆ, ಅದೇ ಜಾಹೀರಾತು.

ಇಷ್ಟೊಂದು ಬಗೆಯ ಸುಂದರ ಬಿಲ್ಲೆಗಳು ಕೈಗೆ ಬಂದಮೇಲೆ ಅವುಗಳನ್ನು ಕೂಡಿಡುವ ಹುಚ್ಚು ಹತ್ತದಿದ್ದೀತೆ? 1790ರ ದಶಕದ ಮಧ್ಯದ ವೇಳೆಗೆ ಅನುಕೂಲಸ್ಥರ ಮನೆಗಳಲ್ಲಿ ಟೋಕನ್ ಸಂಗ್ರಹ ಒಂದು ಗೀಳಾಗಿತ್ತು. ಸಂಗ್ರಾಹಕರಿಗಾಗಿ ಪಟ್ಟಿಗಳು ಅಚ್ಚಾದವು. ಇಪ್ಸ್‌ವಿಚ್ ಊರಿನ ಜೇಮ್ಸ್ ಕಾಂಡರ್ 1798ರಲ್ಲಿ ಪ್ರಕಟಿಸಿದ ಪಟ್ಟಿ ಎಷ್ಟು ಪ್ರಸಿದ್ಧವಾಯಿತೆಂದರೆ, ಇಂದಿಗೂ ಈ ಬಿಲ್ಲೆಗಳನ್ನು 'ಕಾಂಡರ್ ಟೋಕನ್' ಎಂದು ಕರೆಯುವ ರೂಢಿಯಿದೆ. ಈ ಗೀಳಿನ ಮಾರುಕಟ್ಟೆಗೆ ಕಾಲಿಟ್ಟವನು ಸ್ಪೆನ್ಸ್.

ಮೇಷ್ಟರು ಜೈಲು ಸೇರಿದ ಬಗೆ

ಸ್ಪೆನ್ಸ್ ಹುಟ್ಟಿದ್ದು 1750ರಲ್ಲಿ, ಉತ್ತರ ಇಂಗ್ಲೆಂಡಿನ ಬಂದರು ನಗರ ನ್ಯೂಕ್ಯಾಸಲ್‌ನಲ್ಲಿ. ಬಡ ಕುಟುಂಬ, ಮನೆ ತುಂಬ ಮಕ್ಕಳು. ಬೆಳೆದು ಶಾಲಾ ಮೇಷ್ಟರಾದ. ಅವನ ಯೌವನದಲ್ಲಿ ಆ ಊರಿನಲ್ಲೊಂದು ದೊಡ್ಡ ವ್ಯಾಜ್ಯ ನಡೆಯಿತು. ನಗರಾಡಳಿತವು ಊರ ಗೋಮಾಳದ ಒಂದು ಭಾಗವನ್ನು ಬೇಲಿ ಹಾಕಿ ಗುತ್ತಿಗೆಗೆ ಕೊಡಲು ಹೊರಟಿತು. ಹಕ್ಕುದಾರ ನಾಗರಿಕರು ಅದನ್ನು ಎದುರಿಸಿ ಗೆದ್ದರು. ಈ ಪ್ರಸಂಗ ಮೇಷ್ಟರ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ಊರ ಹುಲ್ಲುಗಾವಲು ಎಲ್ಲರದಾದರೆ ಊರ ಹೊಲ, ಗದ್ದೆ ಏಕೆ ಎಲ್ಲರದಲ್ಲ?

1775ರ ನವೆಂಬರಿನಲ್ಲಿ ನ್ಯೂಕ್ಯಾಸಲ್‌ನ ತತ್ವಜ್ಞಾನ ಸಂಘದ ಮುಂದೆ ಆತ ತನ್ನ ಯೋಜನೆಯನ್ನು ಓದಿದ. ಭೂಮಿ ಯಾರ ಖಾಸಗಿ ಸೊತ್ತೂ ಅಲ್ಲ. ಪ್ರತಿ ಊರಿನ ನೆಲ ಆ ಊರಿನವರೆಲ್ಲರಿಗೂ ಸೇರಿದ್ದು. ಉಳುವವರು ಊರಿಗೆ ಗೇಣಿ ಕೊಡಲಿ. ಆ ಹಣದಿಂದ ಊರಿನ ಖರ್ಚೆಲ್ಲ ನಡೆಯಲಿ. ಇದು ಅವನ ವಾದದ ತಿರುಳು. ಮುಂದೆ 1797ರಲ್ಲಿ, ಉಳಿದ ಹಣವನ್ನು ಗಂಡು, ಹೆಣ್ಣು, ಮಗು ಎನ್ನದೆ ಎಲ್ಲರಿಗೂ ಮೂರು ತಿಂಗಳಿಗೊಮ್ಮೆ ಸಮನಾಗಿ ಹಂಚಬೇಕೆಂದೂ ಬರೆದ. ಪ್ರಜೆಗಳೆಲ್ಲರಿಗೂ ಮೂಲ ಆದಾಯ ಕೊಡಬೇಕೆಂದು ಇಂದು ವಾದಿಸುವ ಅರ್ಥಶಾಸ್ತ್ರಜ್ಞರು ತಮ್ಮ ಪೂರ್ವಿಕರ ಪಟ್ಟಿಯಲ್ಲಿ ಇವನನ್ನೂ ಸೇರಿಸುತ್ತಾರೆ. ಆದರೆ ಅಂದಿನ ಸಂಘದವರು ಮಾಡಿದ್ದೇ ಬೇರೆ. ಭಾಷಣವನ್ನು ಅಚ್ಚು ಹಾಕಿಸಿ ಬೀದಿಯಲ್ಲಿ ಮಾರಿದನೆಂದು ಅವನನ್ನು ಹೊರಹಾಕಿದರು. ಪ್ರಸಿದ್ಧ ಮರಗೆತ್ತನೆ ಚಿತ್ರಕಾರ ಥಾಮಸ್ ಬೆವಿಕ್ ಅವನ ಗೆಳೆಯ. ಭೂಮಿಯ ವಾದ ಬಿಸಿಯಾಗಿ ಇಬ್ಬರೂ ದೊಣ್ಣೆ ಹಿಡಿದು ಕಾದಾಡಿದ್ದನ್ನು ಬೆವಿಕ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

ಲಂಡನ್ ಸೇರಿದ ಸ್ಪೆನ್ಸ್ ಬೀದಿಬದಿಯಲ್ಲಿ ಪುಸ್ತಕ ಮಾರಿದ, ಬಿಸಿ ಪಾನೀಯವನ್ನೂ ಮಾರಿದ. ಅದು ಫ್ರೆಂಚ್ ಕ್ರಾಂತಿಯ ಕಾಲ. ಥಾಮಸ್ ಪೇನ್‌ನ 'ಮಾನವ ಹಕ್ಕುಗಳು' ಗ್ರಂಥವನ್ನು ಮಾರಿದ್ದಕ್ಕಾಗಿ 1792ರಲ್ಲಿ ಪೊಲೀಸರು ಅವನನ್ನು ಹಿಡಿದರು. ಮರುವರ್ಷ ಹೋಬರ್ನ್ ಬಡಾವಣೆಯ ಒಂದು ಓಣಿಯಲ್ಲಿ ಅಂಗಡಿ ತೆರೆದು ಅದಕ್ಕೆ 'ಸ್ವಾತಂತ್ರ್ಯದ ಜೇನುಗೂಡು' ಎಂಬ ಹೆಸರಿಟ್ಟ. ರಾಜನೀತಿಜ್ಞ ಎಡ್ಮಂಡ್ ಬರ್ಕ್ ಜನಸಾಮಾನ್ಯರನ್ನು ಹಂದಿಗಳಿಗೆ ಹೋಲಿಸಿ ಬರೆದಿದ್ದನಷ್ಟೆ. ಅದಕ್ಕೆ ಉತ್ತರವಾಗಿ ಒಂದು ಪೆನ್ನಿಯ ವಾರಪತ್ರಿಕೆ ಹೊರಡಿಸಿ ಅದನ್ನು 'ಹಂದಿಗಳ ಆಹಾರ' ಎಂದೇ ಕರೆದ. 1794ರ ಮೇ ತಿಂಗಳಲ್ಲಿ ರಾಜದ್ರೋಹದ ಶಂಕೆಯ ಮೇಲೆ ಬಂಧಿತನಾಗಿ, ವಿಚಾರಣೆಯೇ ಇಲ್ಲದೆ ಏಳು ತಿಂಗಳು ಸೆರೆಮನೆಯಲ್ಲಿದ್ದು ಹೊರಬಂದ.

ತಾಮ್ರದ ಕರಪತ್ರ

ಹೊರಬಂದವನು ನಾಣ್ಯದ ವ್ಯಾಪಾರಕ್ಕೆ ಇಳಿದ. 1795ರಲ್ಲಿ ಸಂಗ್ರಾಹಕರಿಗೆಂದು ಟೋಕನ್‌ಗಳ ಒಂದು ಕೈಪಿಡಿಯನ್ನೂ ಪ್ರಕಟಿಸಿದ. ಜೊತೆಗೆ ತನ್ನದೇ ಅಚ್ಚುಗಳನ್ನು ಕೊರೆಸಿ ಅರ್ಧ ಪೆನ್ನಿ ಮತ್ತು ಫಾರ್ದಿಂಗ್ ಅಳತೆಯ ಬಿಲ್ಲೆಗಳನ್ನು ಟಂಕಿಸತೊಡಗಿದ.

ಆ ಬಿಲ್ಲೆಗಳ ಮೇಲೆ ಏನಿತ್ತು? ಒಂದರಲ್ಲಿ ಕೈಗೆ ಕೋಳ ತೊಡಿಸಿ ಬಾಯಿಗೆ ಬೀಗ ಜಡಿದ ಮನುಷ್ಯ. ಸುತ್ತಲೂ, ಇವನು ಸ್ವತಂತ್ರನಾಗಿ ಹುಟ್ಟಿದ ಇಂಗ್ಲಿಷಿನವನು ಎಂಬ ವ್ಯಂಗ್ಯದ ಬರಹ. ಇನ್ನೊಂದರಲ್ಲಿ ಕಿರೀಟ, ರಾಜದಂಡಗಳನ್ನು ತುಳಿಯುತ್ತಿರುವ ಹಂದಿ. ಮತ್ತೊಂದರಲ್ಲಿ ಬಿಲ್ಲು ಹಿಡಿದ ಅಮೆರಿಕದ ಮೂಲನಿವಾಸಿ. ಒಮ್ಮೆ ಗೇಣಿ ಕೊಡಲು ಒಪ್ಪಿದರೆ ತನ್ನ ಸ್ವಾತಂತ್ರ್ಯ ಮುಗಿಯಿತು ಎನ್ನುತ್ತಿದ್ದಾನೆ. ಆಳುಗಳ ನಡುವೆ ತಾನೊಂದೇ ಸ್ವತಂತ್ರ ಎಂದು ಬೀಗುವ ಬೆಕ್ಕೂ ಇದೆ. ಬಡ ನಾವಿಕರನ್ನು ಬಲವಂತವಾಗಿ ಯುದ್ಧನೌಕೆಗೆ ಎಳೆದೊಯ್ಯುವ ದೃಶ್ಯಕ್ಕೆ 'ಬ್ರಿಟಿಷ್ ಸ್ವಾತಂತ್ರ್ಯದ ಪ್ರದರ್ಶನ' ಎಂಬ ತಲೆಬರಹ. ಸ್ಪೆನ್ಸ್‌ನ ಸ್ವಂತ ಮುಖವುಳ್ಳ ಬಿಲ್ಲೆಯ ಮೇಲೆ, ರಾಜದ್ರೋಹಕ್ಕಾಗಿ ಏಳು ತಿಂಗಳು ಸೆರೆವಾಸ ಎಂಬ ಒಕ್ಕಣೆ. ಬೇರೆ ಕೆಲವದರ ಮೇಲೆ ಅಂಗಡಿಯ ವಿಳಾಸ. ಸೆರೆವಾಸವೇ ಬಿರುದು, ಬಿರುದೇ ಜಾಹೀರಾತು.

ಈ ಆಟವನ್ನು ಅವನೊಬ್ಬನೇ ಆಡಲಿಲ್ಲ ಎಂಬುದನ್ನೂ ಹೇಳಬೇಕು. ರಾಜಪಕ್ಷದವರೂ ಗಲ್ಲಿನಲ್ಲಿ ತೂಗುವ ಮನುಷ್ಯನ ಚಿತ್ರವುಳ್ಳ ಟೋಕನ್ ಹೊರಡಿಸಿದರು. ಅದರ ಒಕ್ಕಣೆ 'ಪೇನ್‌ನ ಅಂತ್ಯ'. ಇಂಗ್ಲಿಷಿನಲ್ಲಿ 'ಪೇನ್' ಎಂದರೆ ನೋವೂ ಹೌದು, ಬಂಡಾಯಗಾರ ಲೇಖಕನ ಹೆಸರೂ ಹೌದು. ಹೀಗೆ ಎರಡೂ ಪಕ್ಷಗಳು ಸಂಗ್ರಾಹಕನ ಒಂದೇ ಡಬ್ಬಿಯೊಳಗೆ ಕಾದಾಡುತ್ತಿದ್ದವು.

ತಾಮ್ರವನ್ನು ಆರಿಸಿಕೊಂಡದ್ದರಲ್ಲಿ ಜಾಣತನವಿತ್ತು. 1795ರ ಕೊನೆಗೆ ಸರ್ಕಾರ ಎರಡು ಕಠಿಣ ಶಾಸನಗಳನ್ನು ತಂದು ಸಭೆಗಳನ್ನೂ ಬರಹಗಳನ್ನೂ ಬಿಗಿಗೊಳಿಸಿತು. 50ಕ್ಕಿಂತ ಹೆಚ್ಚು ಜನ ಸೇರುವ ರಾಜಕೀಯ ಸಭೆಗಳಿಗೆ ನಿರ್ಬಂಧ ಬಂತು. ಕರಪತ್ರವನ್ನು ಸುಡಬಹುದು, ಮುದ್ರಣಾಲಯಕ್ಕೆ ಬೀಗ ಹಾಕಬಹುದು. ಕೈಯಿಂದ ಕೈಗೆ ದಾಟುವ ಕಾಸನ್ನು ಹಿಡಿಯುವುದು ಹೇಗೆ? ಓದಲು ಬಾರದವನಿಗೂ ಚಿತ್ರ ಅರ್ಥವಾಗುತ್ತದೆ. ಸ್ಪೆನ್ಸ್ ಕಿಟಕಿಯಿಂದ ದಾರಿಹೋಕರತ್ತ ಈ ಬಿಲ್ಲೆಗಳನ್ನು ಎಸೆಯುತ್ತಿದ್ದನೆಂದು ಹೇಳುವುದುಂಟು. ಚಲಾವಣೆಯ ನಾಣ್ಯಗಳ ಮೇಲೂ ತನ್ನ ಘೋಷಣೆಗಳನ್ನು ಕುಟ್ಟಿ ಮೂಡಿಸಿ ಬಿಟ್ಟ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಮಹಿಳಾ ಮತದಾನದ ಹೋರಾಟಗಾರರು ಇದೇ ಉಪಾಯ ಮಾಡಿದರು. ಅವರ ಘೋಷಣೆ ಹೊತ್ತ 1903ರ ಪೆನ್ನಿಯೊಂದು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1801ರಲ್ಲಿ ಸ್ಪೆನ್ಸ್ ಅಪರಾಧಿಯೆಂದು ತೀರ್ಪಾಗಿ ಒಂದು ವರ್ಷ ಜೈಲು ಅನುಭವಿಸಿದ್ದು ಕೂಡ ಒಂದು ಪುಸ್ತಕಕ್ಕಾಗಿಯೇ, ಬಿಲ್ಲೆಗಾಗಿ ಅಲ್ಲ.

ಕೊಂಡವರು ಯಾರು?

ಇಲ್ಲೊಂದು ತೊಡಕಿದೆ. ಜಮೀನುದಾರಿಕೆ ಅಳಿಯಲಿ ಎಂದು ಸಾರುವ ಈ ಬಿಲ್ಲೆಗಳನ್ನು ದುಡ್ಡು ಕೊಟ್ಟು ಕೊಂಡವರಲ್ಲಿ ಜಮೀನುಳ್ಳವರೂ ಇದ್ದರು! ಸಂಗ್ರಹದ ಹವ್ಯಾಸಕ್ಕೆ ಬಿಡುವೂ ಬೇಕು, ಹಣವೂ ಬೇಕು. ಅವೆರಡೂ ಇದ್ದದ್ದು ಅವರ ಬಳಿಯೇ. ಅವರಿಗೆ ಒಕ್ಕಣೆಗಿಂತ ಮುಖ್ಯವಾದದ್ದು, ತಮ್ಮ ಪಟ್ಟಿಯಲ್ಲಿ ಇಲ್ಲದ ಮಾದರಿ ಸಿಕ್ಕಿತೇ ಎಂಬುದು.

ಸ್ಪೆನ್ಸ್ ಈ ದೌರ್ಬಲ್ಯವನ್ನು ಚೆನ್ನಾಗಿ ಅರಿತಿದ್ದ. ನಾಣ್ಯ ಟಂಕಿಸಲು ಎರಡು ಅಚ್ಚು ಬೇಕು, ಮುಮ್ಮುಖಕ್ಕೊಂದು, ಹಿಮ್ಮುಖಕ್ಕೊಂದು. ಎಂಟು ಮುಮ್ಮುಖ, ಎಂಟು ಹಿಮ್ಮುಖ ಇದ್ದರೆ ಎಂಟೇ ಬಗೆಯ ನಾಣ್ಯಗಳಾಗಬೇಕೆಂದಿಲ್ಲ. ಅಚ್ಚುಗಳನ್ನು ಅದಲುಬದಲು ಮಾಡಿದರೆ 64 ಬಗೆಗಳಾಗುತ್ತವೆ. ಪ್ರತಿಯೊಂದೂ ಸಂಗ್ರಾಹಕನಿಗೆ 'ಅಪರೂಪದ ಮಾದರಿ'. ಸ್ಪೆನ್ಸ್ ತನ್ನ ಅಚ್ಚುಗಳನ್ನು ಹೀಗೆ ಧಾರಾಳವಾಗಿ ಬೆರೆಸಿದ. ಚಲಾವಣೆಗಲ್ಲ, ಕೇವಲ ಹವ್ಯಾಸಿಗಳ ಹಣ ಕೀಳಲು ಇಂಥ ಕಲಬೆರಕೆ ನಡೆಯುತ್ತಿದೆ ಎಂದು ಬಲ್ಲವರು ಆಗಲೇ ಗೊಣಗಿದ್ದರು.

ಇದರ ಪರಿಣಾಮವಾಗಿ ವ್ಯಾಪಾರ ನಡೆಯಿತು, ಆದರೆ ಮಾತು ಕಲಸಿಹೋಯಿತು. ಬೀಗ ಜಡಿದ ಬಾಯಿಯ ಹಿಂದೆ ಏನಿರಬೇಕು? ಕೊಂಬು ಚಾಚುವ ಬಸವನಹುಳುವಿದ್ದರೆ, ಹುಳುವಿಗಿರುವ ಸ್ವಾತಂತ್ರ್ಯ ಮನುಷ್ಯನಿಗಿಲ್ಲ ಎಂಬ ತೀಕ್ಷ್ಣ ಅರ್ಥ ಹೊಮ್ಮುತ್ತದೆ. ಅದೇ ಜಾಗದಲ್ಲಿ ಕೈಗೆ ಸಿಕ್ಕಿದ ಇನ್ನಾವುದೋ ಅಚ್ಚು ಬಿದ್ದರೆ ಅದೊಂದು ಒಗಟು. ಎಲ್ಲಿ ವಿಚಾರ ಮುಗಿದು ಎಲ್ಲಿ ವ್ಯಾಪಾರ ಶುರುವಾಯಿತು ಎಂದು ವಿದ್ವಾಂಸರು ಈಗಲೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ಕೊನೆಗೆ ಈ ವ್ಯಾಪಾರವೂ ಅವನ ಕೈಹಿಡಿಯಲಿಲ್ಲ. ಅಚ್ಚುಗಳು ಸ್ಕಿಡ್‌ಮೋರ್ ಎಂಬ ಇನ್ನೊಬ್ಬ ಟೋಕನ್ ವ್ಯಾಪಾರಿಯ ಪಾಲಾದವು. ಅವನು ಅವುಗಳನ್ನು ಇನ್ನಷ್ಟು ಬೆರೆಸಿದ.

ಸೋಹೋದಿಂದ ಶ್ರೀರಂಗಪಟ್ಟಣಕ್ಕೆ

ಟೋಕನ್‌ಗಳ ಕಾಲವನ್ನು ಮುಗಿಸಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆ. ಅದರ ಒಡೆಯ ಮ್ಯಾಥ್ಯೂ ಬೌಲ್ಟನ್ 1797ರಲ್ಲಿ ಸರ್ಕಾರಕ್ಕಾಗಿ ಹಬೆಯಂತ್ರದ ಬಲದಿಂದ ದಪ್ಪನೆಯ ತಾಮ್ರದ ಪೆನ್ನಿಗಳನ್ನು ಟಂಕಿಸಿಕೊಟ್ಟ. ಒಂದೊಂದರ ತೂಕ ಒಂದು ಔನ್ಸ್. ಅಸಲಿ ಚಿಲ್ಲರೆ ಬಂದಮೇಲೆ ಖಾಸಗಿ ಬಿಲ್ಲೆಗಳಿಗೆ ಬೇಡಿಕೆ ಕುಗ್ಗಿತು.

ಈ ಸೋಹೋಗೂ ನಮ್ಮ ನಾಡಿಗೂ ಒಂದು ಸಂಬಂಧವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಬಳಿಕ, ಈಸ್ಟ್ ಇಂಡಿಯಾ ಕಂಪೆನಿ ತನ್ನ ಸೈನಿಕರಿಗೆ ಹಂಚಿದ ಪದಕ ತಯಾರಾದದ್ದು ಅಲ್ಲಿಯೇ. ಅದರ ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಡವಿ ಹಾಕಿದೆ. ಇನ್ನೊಂದರಲ್ಲಿ ಕೋಟೆಯ ಮೇಲಿನ ದಾಳಿಯ ಚಿತ್ರ. ದರ್ಜೆಗೆ ತಕ್ಕಂತೆ ಚಿನ್ನದಿಂದ ತವರದವರೆಗೆ ಬೇರೆ ಬೇರೆ ಲೋಹಗಳಲ್ಲಿ ಅದನ್ನು ಮಾಡಿಸಿದರು. ಕಂಪೆನಿಯೂ ಒಂದು ವ್ಯಾಪಾರಿ ಸಂಸ್ಥೆಯೇ ತಾನೆ? ಮೆಣಸು, ಬಟ್ಟೆಗಳ ಜೊತೆಗೆ ರಾಜಕೀಯವನ್ನು ಅದರಷ್ಟು ಬೆರೆಸಿದವರು ಯಾರು? ವ್ಯಾಪಾರದಲ್ಲಿ ರಾಜಕೀಯ ಬೇಡವೆಂಬ ಬುದ್ಧಿವಾದ ಬಹುಮಟ್ಟಿಗೆ ಓಣಿಯ ಅಂಗಡಿಯವನಿಗೇ ಮೀಸಲು ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ಉಳಿದದ್ದೇನು?

ಸ್ಪೆನ್ಸ್ 1814ರ ಸೆಪ್ಟೆಂಬರ್ 8ರಂದು ಬಡವನಾಗಿಯೇ ತೀರಿಕೊಂಡ. ಶವಯಾತ್ರೆಯಲ್ಲಿ ಅವನ ಬಿಲ್ಲೆಗಳನ್ನು ಹಂಚಲಾಯಿತು. ಅವನ ಹೆಸರಿನ ಅನುಯಾಯಿಗಳ ಸಂಘಗಳನ್ನು 1817ರಲ್ಲಿ ಪಾರ್ಲಿಮೆಂಟು ಹೆಸರು ಹೇಳಿಯೇ ನಿಷೇಧಿಸಿತು. ಮಂತ್ರಿಮಂಡಲವನ್ನೇ ಕೊಲ್ಲುವ ಸಂಚಿಗಾಗಿ 1820ರಲ್ಲಿ ನೇಣಿಗೇರಿದ ಐವರು ಆ ಬಳಗದ ಒಡನಾಟದಿಂದಲೇ ಬಂದವರು. ಅಚ್ಚಿನ ಮಾತನ್ನು ಆಟಿಕೆಯೆಂದು ಎಲ್ಲರೂ ತಿಳಿದಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಬಿಲ್ಲೆಗಳು ಮಾತ್ರ ಉಳಿದವು, ಅದೂ ಮುಖ್ಯವಾಗಿ ಸಂಗ್ರಾಹಕರ ದಯದಿಂದ. ಬೀದಿಯ ಬಡವನ ಕೈಗೆ ಸಿಕ್ಕಿದ್ದು ಸವೆದೋ ಕರಗಿಯೋ ಹೋಗಿರಬೇಕು. ಅನುಕೂಲಸ್ಥರ ಮಖಮಲ್ಲಿನ ಪೆಟ್ಟಿಗೆ ಸೇರಿದ್ದು ಹೊಳಪು ಮಾಸದೆ ನಮ್ಮವರೆಗೆ ಬಂದಿದೆ. ತನ್ನ ವಿಚಾರವನ್ನು ದ್ವೇಷಿಸಬಹುದಾಗಿದ್ದ ಜನರ ಕೈಯಲ್ಲೇ ಅದನ್ನು ಜೋಪಾನವಾಗಿ ಕಾಯಿಸಿದ್ದು ಸ್ಪೆನ್ಸ್‌ನ ಗೆಲುವು. ಅವರು ಅದನ್ನು ಓದದೆ, ಕೇವಲ ಎಣಿಸಿ ಇಟ್ಟುಕೊಂಡದ್ದು ಅವನ ಸೋಲು. ಹವ್ಯಾಸದ ಪೆಟ್ಟಿಗೆಗೆ ವಿಚಾರವನ್ನು ಉಳಿಸುವ ಶಕ್ತಿಯಿದೆ. ಆದರೆ ಅದರೊಳಗಿನ ಬಿಸಿಯನ್ನು ಆರಿಸುವ ಗುಣವೂ ಇದೆ. ಬಾಯಿಗೆ ಬೀಗ ಜಡಿದ ಆ ತಾಮ್ರದ ಮನುಷ್ಯ ಇಂದು ಹರಾಜಿನ ಪಟ್ಟಿಗಳಲ್ಲಿ ಒಂದು ಸಂಖ್ಯೆ. ಅವನು ಏನು ಹೇಳಹೊರಟಿದ್ದ ಎಂದು ಕೇಳುವ ಕೆಲಸ ಕೊಂಡುಕೊಂಡವರದು ಮಾತ್ರವಲ್ಲ, ನೋಡಿದವರೆಲ್ಲರದು.