ಬೆಂಗಳೂರು ಎಷ್ಟು ದೂರ

ಕಲಬುರಗಿಯ ಐವಾನ್-ಎ-ಶಾಹಿ ಈಗ ಸರ್ಕಾರಿ ಅತಿಥಿಗೃಹ. ಬೆಂಗಳೂರಿನಿಂದ ಬಂದ ಮಂತ್ರಿಗಳು ಇಳಿದುಕೊಳ್ಳುವ ಈ ಕಲ್ಲಿನ ಬಂಗಲೆ ಎದ್ದದ್ದು ಹೈದರಾಬಾದಿನಿಂದ ಬರುತ್ತಿದ್ದ ನಿಜಾಮರಿಗಾಗಿ. ಅವರ ಖಾಸಾ ರೈಲು ಆವರಣದೊಳಕ್ಕೇ ಬರುತ್ತಿತ್ತೆಂದು ಊರಲ್ಲಿ ಹೇಳುತ್ತಾರೆ. ಹಳಿ ಅಂಗಳ ಮುಟ್ಟಿತ್ತೋ ಇಲ್ಲವೋ, ಆಗ ಊರು ಯಾವ ದಿಕ್ಕಿಗೆ ಮುಖ ಮಾಡಿತ್ತೆಂಬುದಂತೂ ಆ ಮಾತಿನಲ್ಲಿದೆ. 2019ರ ನವೆಂಬರ್ 22ರಂದು ಇಲ್ಲಿನ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಬೆಂಗಳೂರು ಸುಮಾರು ಒಂದು ತಾಸಿನ ದಾರಿಯಾಯಿತು. ಲೆಕ್ಕ ಸುಳ್ಳಲ್ಲ. ಆದರೆ ಈ ಎರಡು ಊರುಗಳ ನಡುವಿನ ದೂರ ನೆಲದ್ದಷ್ಟೇ ಆಗಿದ್ದರೆ ಒಂದು ತಾಸಿನ ಹಾರಾಟಕ್ಕೆ ಅದು ಮುಗಿದುಹೋಗಬೇಕಿತ್ತು.

ಹಗ್ಗ ಹಿಡಿದು ಎಳೆದಂತೆ ನೇರವಾಗಿ ಅಳೆದರೆ ಕಲಬುರಗಿಯಿಂದ ಹೈದರಾಬಾದ್ ಸುಮಾರು 175 ಕಿ.ಮೀ., ಮುಂಬೈ 460, ಬೆಂಗಳೂರು 490. ಮುಂಬೈಗೂ ಬೆಂಗಳೂರಿಗೂ ಹೆಚ್ಚೇನೂ ಅಂತರವಿಲ್ಲ. ಆದರೆ ಮುಂಬೈಯಿಂದ ಹೊರಟ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲುಮಾರ್ಗ ಕಲಬುರಗಿಯನ್ನು ಹಾದು 1871ರಲ್ಲೇ ರಾಯಚೂರು ತಲುಪಿ, ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ಅದೇ ಮಾರ್ಗದ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಿತ್ತು. ಹೀಗೆ ಮೂರು ದೊಡ್ಡ ಊರುಗಳು ಒಂದೇ ಗಾಡಿಯ ದೂರಕ್ಕೆ ಬಂದವು; ಬೆಂಗಳೂರು ಆ ಸಾಲಿನಲ್ಲಿರಲಿಲ್ಲ, ಇರಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಲಬುರಗಿಯ ರಾಜಧಾನಿ ಒಂದೇ ದಿನಕ್ಕೆ ಬದಲಾಯಿತು, ಹಳಿ ಬದಲಾಗಲಿಲ್ಲ. ಗುಂತಕಲ್ಲಿನಿಂದ ಬೆಂಗಳೂರಿಗೆ ಮೀಟರ್ ಗೇಜ್. ಬ್ರಾಡ್ ಗೇಜಿನಲ್ಲಿ ಬಂದವರು ಅಲ್ಲಿ ಗಂಟುಮೂಟೆ ಇಳಿಸಿ ಬೇರೆ ಗಾಡಿ ಹತ್ತಬೇಕು. ತಮ್ಮ ರಾಜ್ಯದ ರಾಜಧಾನಿಗೆ ಹೊರಟವರು ನೆರೆಯ ಆಂಧ್ರದ ಜಂಕ್ಷನ್ನಿನಲ್ಲಿ ಕಾಯುವ ಈ ಏರ್ಪಾಡು 1980ರ ದಶಕದವರೆಗೂ ನಡೆಯಿತು.

ಹಿಂದಿನವರು ವ್ಯಾಪಾರ ನೋಡಿ ಹಳಿ ಹಾಕಿದರು, ಇದರಲ್ಲಿ ರಾಜಕೀಯ ಹುಡುಕುವುದೇಕೆ ಎನ್ನಬಹುದು. ಹಾಗಾದರೆ ಬೀದರನ್ನು ನೋಡಿ. ಕಲಬುರಗಿಯಿಂದ ನೇರ ಅಳತೆಗೆ 100 ಕಿ.ಮೀ. ಕೂಡ ಇಲ್ಲ, ಬಹಮನಿಗಳು ಈ ಎರಡೂ ಊರುಗಳಿಂದ ಆಳಿದವರು. ಆದರೂ ರೈಲಿನಲ್ಲಿ ಹೋಗಬೇಕೆಂದರೆ ವಾಡಿಗೆ ಇಳಿದು, ವಿಕಾರಾಬಾದ್ ಸುತ್ತಿ, ಹೈದರಾಬಾದಿನ ಹೊಸ್ತಿಲು ಮುಟ್ಟಿಯೇ ಬೀದರ ಸೇರಬೇಕಿತ್ತು. ಕಮಲಾಪುರ, ಹುಮನಾಬಾದ್ ಮೇಲೆ ಹಾಯುವ ಸುಮಾರು 110 ಕಿ.ಮೀ. ಹಳಿ ಪೂರ್ತಿಯಾದದ್ದು 2017ರ ಅಕ್ಟೋಬರಿನಲ್ಲಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ರೈಲು ಬಂದದ್ದು ಕಲಬುರಗಿಗೆ ಬಂದು ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ! ಇದನ್ನು ವ್ಯಾಪಾರದ ಲೆಕ್ಕ ಒಂದರಿಂದಲೇ ವಿವರಿಸುವುದು ಕಷ್ಟ.

ವಿಮಾನ ಇದನ್ನೆಲ್ಲ ಹಳೆಯ ಮಾತಾಗಿಸಲಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ತುರ್ತಿದ್ದವರಿಗೆ, ಕಾಸಿದ್ದವರಿಗೆ ಹೌದು. ಉಳಿದವರಿಗೆ ರಾತ್ರಿಯ ರೈಲು, ಬಸ್ಸುಗಳೇ ಗತಿ. ಅಲ್ಲದೆ ಶ್ರೀನಿವಾಸ ಸರಡಗಿಯ ನಿಲ್ದಾಣದಲ್ಲಿ ವಿಮಾನ ಹತ್ತಿ ದೇವನಹಳ್ಳಿಯ ನಿಲ್ದಾಣದಲ್ಲಿ ಇಳಿದವರಿಗೆ ಬೆಂಗಳೂರು ಇನ್ನೂ ಮುಂದೆಯೇ ಇರುತ್ತದೆ. ನನ್ನ ಲೆಕ್ಕದಲ್ಲಿ ಈ ದೂರವನ್ನು ವಿಮಾನಕ್ಕಿಂತ ಹೆಚ್ಚು ಕಡಿಮೆ ಮಾಡಿದ್ದು ಹೈಕೋರ್ಟು. ಅದರ ಸಂಚಾರಿ ಪೀಠ 2008ರಲ್ಲಿ ಇಲ್ಲಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಪೀಠ ಬರುವವರೆಗೆ ಹೊಲದ ತಂಟೆ ಹೈಕೋರ್ಟಿಗೆ ಹೋಯಿತೆಂದರೆ ಆಳಂದದ ರೈತ ರಾತ್ರಿ ಗಾಡಿ ಹಿಡಿದು ಬೆಂಗಳೂರಿಗೆ ಹೋಗಬೇಕಿತ್ತು. ಈಗ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದು, ವಕೀಲರನ್ನು ಕಂಡು, ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತಾನೆ.