ದಕ್ಷಿಣಕ್ಕೆ ಬೈಚೋಜ, ಉತ್ತರಕ್ಕೆ ಮಲ್ಲಿತಮ್ಮ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಇದು ಯಾರೋ ಕುಳಿತು ಮಾಡಿದ ಊಹೆಯಲ್ಲ, ವಿಗ್ರಹಗಳ ಅಡಿಯಲ್ಲಿ ಅವರೇ ಹೆಸರು ಕೊರೆದಿಟ್ಟಿದ್ದಾರೆ. ದೇವಾಲಯ ಕಟ್ಟಿಸಿದವನು ಹೊಯ್ಸಳ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ, 1246ರಲ್ಲಿ. ಊರು ಆಗ ವಿಜಯ ಸೋಮನಾಥಪುರವೆಂಬ ಅಗ್ರಹಾರ. ಈಗ ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸು ಆ ಊರ ಮೇಲೆಯೇ ಹಾಯುತ್ತದೆ. ಲೆಕ್ಕಕ್ಕೆ ಹಾಸನ ಜಿಲ್ಲೆಯಾದರೂ ನಮ್ಮ ತುಮಕೂರು ಸೀಮೆಯ ತೆಂಗಿನ ಸಾಲು ಅಲ್ಲಿಯವರೆಗೂ ಕಡಿಯುವುದಿಲ್ಲ.

ನಾನು ತುರುವೇಕೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನಮ್ಮ ಸೀಮೆಯಲ್ಲಿ ಯಾವ ಗುಡಿಯ ಮುಂದೆ ನಿಂತು ಇದನ್ನು ಕೆತ್ತಿದವರು ಯಾರು ಎಂದು ಕೇಳಿದರೂ ಬರುವ ಉತ್ತರ ಒಂದೇ: ಜಕಣಾಚಾರಿ. ತುಮಕೂರಿನ ಪಕ್ಕದಲ್ಲೇ ಕೈದಾಳ ಇರುವುದರಿಂದ ನಮಗೆ ಆ ಕಥೆ ಎದೆಹಾಲಿನ ಜೊತೆಗೇ ಬಂದದ್ದು. ಮಗ ಡಂಕಣ ಬೇಲೂರಿನ ವಿಗ್ರಹದಲ್ಲಿ ದೋಷ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಂದದ್ದು, ತಂದೆ ತನ್ನ ಬಲಗೈಯನ್ನೇ ಕಡಿದುಕೊಂಡದ್ದು, ಕ್ರೀಡಾಪುರವೆಂಬ ಅದೇ ಕೈದಾಳದಲ್ಲಿ ಚೆನ್ನಿಗರಾಯ ಆ ಕೈಯನ್ನು ಮರಳಿ ಕೊಟ್ಟದ್ದು. ಈ ಕಥೆ ನನಗೂ ಪ್ರಿಯವೇ. ಆದರೆ ಅದರ ನೆರಳು ತುಂಬಾ ದೊಡ್ಡದು. ಸ್ವಂತ ಉಳಿ ಹಿಡಿದು, ಸ್ವಂತ ಹೆಸರು ಬರೆದು ಹೋದ ಹತ್ತಾರು ಮಂದಿ ಆ ನೆರಳಿನೊಳಗೆ ಕಾಣದಾಗಿದ್ದಾರೆ. ಅವರು ಕಾಣಬೇಕು ಎಂಬುದೊಂದೇ ನನ್ನ ಹಟ.

ಮಲ್ಲಿತಮ್ಮನನ್ನೇ ನೋಡಿ. ಅವನ ಹೆಸರು ಮೊದಲು ಸಿಗುವುದು 1196ರ ಅಮೃತಪುರದಲ್ಲಿ. ಆಮೇಲೆ ಹಾರನಹಳ್ಳಿ, ನುಗ್ಗೇಹಳ್ಳಿ, ಕೊನೆಗೆ ಸೋಮನಾಥಪುರ. ಸೋಮನಾಥಪುರದಲ್ಲಂತೂ ನಲವತ್ತಕ್ಕೂ ಹೆಚ್ಚು ವಿಗ್ರಹಗಳ ಕೆಳಗೆ ಅವನ ಅಂಕಿತವಿದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ ‘ಮಲ್ಲಿ’, ಇನ್ನು ಕೆಲವು ಕಡೆ ‘ಮ’ ಎಂಬ ಒಂದೇ ಅಕ್ಷರ. ಅರವತ್ತು ವರ್ಷ ಮೀರಿದ ಕಸುಬು ಅದು. ಹುಡುಗನಾಗಿ ಅಮೃತಪುರಕ್ಕೆ ಹೋದವನು ನುಗ್ಗೇಹಳ್ಳಿಗೆ ಬರುವ ಹೊತ್ತಿಗೆ ನಡುವಯಸ್ಸು ದಾಟಿದ್ದ. ಬೈಚೋಜ ನಂದಿಯ ಕಡೆಯವನು. ಆ ಕಾಲದ ರೂವಾರಿಗಳು ಎದುರಾಳಿ ಶಿಲ್ಪಿಗಳನ್ನು ಮಣಿಸಿದೆನೆಂದು ಬಿರುದು ಹೊತ್ತುಕೊಳ್ಳುತ್ತಿದ್ದ ಜನ. ಅಂಥ ಇಬ್ಬರಿಗೆ ಬೊಮ್ಮಣ್ಣ ಒಂದೇ ಗುಡಿಯ ಎರಡು ಪಕ್ಕಗಳನ್ನು ಒಪ್ಪಿಸಿದ. ಈ ದಂಡನಾಯಕನ ಯುದ್ಧಗಳಿಗಿಂತ ಆ ಒಂದು ತೀರ್ಮಾನವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿ ಬಿಸಿಲಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿ. ಅಟ್ಟಕ್ಕೆ ಏರಿಸಿದ ಕಾಯಿ ತಿಂಗಳುಗಟ್ಟಲೆ ಕೂತು ನೀರಿಂಗಿ ಕೊಬ್ಬರಿಯಾಗುವುದನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲ್ಲು ಮೆತ್ತಗಿರುವಾಗಲೇ ಶಿಲ್ಪಿ ಕೈಗೆ ಬಂದಷ್ಟು ಸೂಕ್ಷ್ಮ ಕೆಲಸ ಮಾಡಿ ಮುಗಿಸಬೇಕು. ನುಗ್ಗೇಹಳ್ಳಿಯ ದೇವರುಗಳ ಉಂಗುರ, ಕಡಗ, ಸೊಂಟದ ಸರಪಣಿಯ ಒಂದೊಂದು ಕೊಂಡಿ ಇಂದಿಗೂ ಎಣಿಸುವಷ್ಟು ಸ್ಪಷ್ಟವಾಗಿ ಉಳಿದಿರುವುದು ಅದರಿಂದ.

ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ನಾನು ಮೊದಲು ಹೆಸರು ಹೇಳುತ್ತಿರಲಿಲ್ಲ. ಅರ್ಧ ಮಕ್ಕಳನ್ನು ದಕ್ಷಿಣಕ್ಕೆ, ಅರ್ಧ ಮಕ್ಕಳನ್ನು ಉತ್ತರಕ್ಕೆ ಕೂರಿಸಿ ಒಂದೊಂದು ವಿಗ್ರಹ ಬರೆಯಿಸುತ್ತಿದ್ದೆ. ಕಿರೀಟ, ಒಡವೆ ಬೇಡ. ಮೊದಲು ಸೊಂಟ, ಮಂಡಿ, ಪಾದ, ದೇಹದ ಭಾರ ಯಾವ ಕಾಲಿನ ಮೇಲಿದೆ ಅಷ್ಟು ಸಾಕು. ಆಮೇಲೆ ಹಾಳೆಗಳನ್ನೆಲ್ಲ ಜಗತಿಯ ಮೇಲೆ ಹರಡಿ, ಇದು ಒಬ್ಬರ ಕೆಲಸವೋ ಇಬ್ಬರದೋ ಎಂದು ಕೇಳುತ್ತಿದ್ದೆ. ಒಮ್ಮೆ ಒಂದು ಹುಡುಗಿ ಉತ್ತರದ ಕಡೆ ಬೆರಳು ಮಾಡಿ, ‘ಸಾರ್, ಆ ಕಡೇವ್ರು ಈಗ ಎದ್ದು ಹೋಗ್ಬಿಡ್ತಾರೆ’ ಅಂದಳು. ನನ್ನ ಕಣ್ಣಿಗೂ ಹಾಗೆಯೇ. ಬೈಚೋಜನ ದೇವರುಗಳು ನೆಲೆನಿಂತವರು, ಅವರಿಗೆ ಅವಸರವಿಲ್ಲ. ಮಲ್ಲಿತಮ್ಮನ ದೇವರುಗಳ ಮೈಯಲ್ಲಿ ಮುಂದಿನ ಹೆಜ್ಜೆ ಆಗಲೇ ಸುಳಿದಿದೆ. ಪಂಡಿತರು ಒಪ್ಪದಿದ್ದರೂ ಚಿಂತೆಯಿಲ್ಲ. ಇಷ್ಟು ನೋಡಿದ ಮೇಲೆಯೇ ಹೆಸರು ಓದಿಸುತ್ತಿದ್ದೆ. ಹಳಗನ್ನಡ ಲಿಪಿಯ ಒಂದೊಂದೇ ಅಕ್ಷರ ಕೂಡಿಸಿಕೊಂಡು ‘ಮ... ಲ್ಲಿ...’ ಎಂದು ಓದುವಾಗ ಮಕ್ಕಳ ದನಿ ತಾನಾಗಿ ಏರುತ್ತಿತ್ತು.

ಮಗಳು ಇಟಲಿಯಲ್ಲಿ ಓದುತ್ತಿದ್ದಾಗ ನನ್ನನ್ನು ಫ್ಲಾರೆನ್ಸಿಗೆ ಕರೆದುಕೊಂಡು ಹೋದಳು. ಆರ್ನೊ ನದಿಯ ಆಚೆ ದಂಡೆಯಲ್ಲಿ ಸಾಂತಾ ಮರಿಯಾ ದೆಲ್ ಕಾರ್ಮಿನೆ ಎಂಬ ಚರ್ಚು. ಮುಂಭಾಗ ಇನ್ನೂ ಒರಟು ಕಲ್ಲು, ಮುಗಿಸದೇ ಬಿಟ್ಟದ್ದು. ಒಳಗೊಂದು ಸಣ್ಣ ಪೂಜಾಗೃಹ, ಬ್ರಾಂಕಾಚ್ಚಿ ಮನೆತನದ್ದು. ಫೆಲಿಚೆ ಬ್ರಾಂಕಾಚ್ಚಿ ಎಂಬ ರೇಷ್ಮೆ ವ್ಯಾಪಾರಿ 1420ರ ದಶಕದಲ್ಲಿ ಅದರ ಗೋಡೆಗಳಿಗೆ ಚಿತ್ರ ಬರೆಸಿದ. ಬರೆದವರು ಇಬ್ಬರು: ಹಿರಿಯ ಮಸೋಲಿನೊ, ಅವನಿಗಿಂತ ಸುಮಾರು ಹದಿನೆಂಟು ವರ್ಷ ಕಿರಿಯ ಮಸಾಚ್ಚೊ. ಒಳಗೆ ಹೋಗುವಲ್ಲಿ ಎರಡು ಪಕ್ಕದ ಕಂಬಗಳ ಮೇಲೆ ಎದುರುಬದುರಾಗಿ ಎರಡು ಚಿತ್ರ. ಬಲಕ್ಕೆ ಮಸೋಲಿನೊನ ಆದಾಮ ಮತ್ತು ಹವ್ವ, ಮರದ ಕೆಳಗೆ ಶಾಂತವಾಗಿ, ಅಂದವಾಗಿ ನಿಂತವರು. ಎಡಕ್ಕೆ ಮಸಾಚ್ಚೊ ಬರೆದ ಅದೇ ಗಂಡ ಹೆಂಡತಿ, ಸ್ವರ್ಗದಿಂದ ಹೊರದಬ್ಬಿಸಿಕೊಂಡು ಹೊರಟವರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾನೆ, ಅವಳು ಬಾಯಿ ತೆರೆದು ಗೋಳಿಡುತ್ತಿದ್ದಾಳೆ. ನನಗೆ ಕೂಡಲೇ ನುಗ್ಗೇಹಳ್ಳಿಯ ಎರಡು ಗೋಡೆ ನೆನಪಾದವು. ಒಂದು ಗುಡಿ, ಒಬ್ಬ ಧಣಿ, ಎರಡು ಕೈ. ನಡುವೆ ಸುಮಾರು ನೂರಎಂಬತ್ತು ವರ್ಷ ಮತ್ತು ಒಂದು ಸಮುದ್ರ.

ಅಲ್ಲಿ ಗೋಡೆಯ ಮೇಲೆ ಹೆಸರಿಲ್ಲ. ಯಾವ ಭಾಗ ಯಾರದು ಎಂದು ವಿದ್ವಾಂಸರು ನೋಡಿ ನೋಡಿಯೇ ಬೇರ್ಪಡಿಸಿದ್ದಾರೆ. ಅರ್ಧಕ್ಕೆ ನಿಂತಿದ್ದನ್ನು 1480ರ ದಶಕದಲ್ಲಿ ಫಿಲಿಪ್ಪಿನೊ ಲಿಪ್ಪಿ ಬಂದು ಪೂರ್ತಿ ಮಾಡಿದ. 1771ರ ಬೆಂಕಿಯಲ್ಲಿ ಚರ್ಚಿನ ಬಹುಭಾಗ ಹಾಳಾದರೂ ಈ ಗೋಡೆಗಳು ಮಸಿ ಹಿಡಿದು ಉಳಿದವು. 1980ರ ದಶಕದ ಶುದ್ಧೀಕರಣದಲ್ಲಿ ಆ ಮಸಿಯೂ ಹೋಯಿತು, ನಂತರದವರು ಆದಾಮ ಹವ್ವರಿಗೆ ಮೆತ್ತಿದ್ದ ಎಲೆಗಳೂ ಹೋದವು. ಮಸಾಚ್ಚೊ ತೀರಿಕೊಂಡದ್ದು 1428ರಲ್ಲಿ, ಇಪ್ಪತ್ತೇಳು ತುಂಬುವ ಮೊದಲೇ. ಹೆಸರು ಬರೆಯದ ಅವನ ಬಗ್ಗೆ ನಮಗೆ ಇಷ್ಟೆಲ್ಲ ತಿಳಿದಿರಲು ಒಂದು ಕಾರಣ ವಸಾರಿ. ಅವನು 1550ರಲ್ಲಿ ಕಲಾವಿದರ ಜೀವನಚರಿತ್ರೆಗಳನ್ನೇ ಒಂದು ಪುಸ್ತಕವಾಗಿ ಬರೆದ. ಹುಡುಗ ಮೈಕೆಲ್ಯಾಂಜೆಲೊ ಈ ಗೋಡೆಗಳನ್ನು ನಕಲು ಮಾಡುತ್ತ ಕಲಿತ ಸಂಗತಿಯೂ ಆ ಪುಸ್ತಕದಲ್ಲಿದೆ.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧ ಆಯಿತು. ಹೆಸರು ಕಲ್ಲಿನಲ್ಲಿದೆ, ಬದುಕು ಎಲ್ಲೂ ಇಲ್ಲ. ಆ ಹೆಸರುಗಳನ್ನು ಮೊದಲು ಒಟ್ಟುಗೂಡಿಸಿದವರಲ್ಲಿ ಆರ್. ನರಸಿಂಹಾಚಾರ್ಯರು ಮುಖ್ಯರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಊರೂರು ಅಲೆದು, ಸೋಮನಾಥಪುರದ ಗುಡಿಯ ಮೇಲೆ 1917ರಲ್ಲಿ ಒಂದು ಪುಸ್ತಕವನ್ನೇ ತಂದರು. ಕವಿಚರಿತೆ ಬರೆದವರೂ ಅವರೇ. ಪಂಪನಿಂದ ಹಿಡಿದು ಕನ್ನಡ ಕವಿಗಳ ಕಾಲ, ಮನೆತನ, ಆಶ್ರಯದಾತರನ್ನೆಲ್ಲ ಹುಡುಕಿ ಬರೆಯಲು ಅವರಿಗೆ ಸಾಧ್ಯವಾಯಿತು, ಏಕೆಂದರೆ ಕವಿಗಳು ತಮ್ಮ ವಿಷಯವನ್ನು ಕಾವ್ಯದಲ್ಲೇ ಹೇಳಿಕೊಂಡಿದ್ದರು. ಶಿಲ್ಪಿಚರಿತೆ ಬರೆಯಲು ಅಂಥ ಮನುಷ್ಯನ ಕೈಗೂ ಸಿಕ್ಕಿದ್ದು ಒಂದು ಹೆಸರು, ಒಂದು ಊರು, ಒಂದು ಬಿರುದು. ನನ್ನ ಎದೆ ಭಾರವಾಗುವುದು ಇಲ್ಲಿಯೇ. ನಮ್ಮೂರಿನ ಗಂಗಾಧರೇಶ್ವರನ ಎದುರು ಕನ್ನಡಿಯಂತೆ ಹೊಳೆಯುವ ಕರಿಗಲ್ಲಿನ ನಂದಿ ಇದೆ. ಅದಕ್ಕೆ ಹೊಳಪು ಕೊಟ್ಟವನನ್ನು ಕರೆಯಲು ಊರಿನವರ ಬಾಯಲ್ಲಿ ಒಂದು ಹೆಸರೂ ಇಲ್ಲ. ಅದಕ್ಕೇ ಹೆಸರು ಉಳಿದಿರುವ ಕಡೆಯಾದರೂ ನಾವು ಜೋರಾಗಿ ಓದಬೇಕು. ಅರಳಗುಪ್ಪೆಗೆ ಹೋದವರು ಕಲ್ಲೇಶ್ವರನ ಗುಡಿಯ ಚಾವಣಿಯ ಭುವನೇಶ್ವರಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನನ್ನು ಕತ್ತೆತ್ತಿ ನೋಡಿ ಹಿಂದಿರುಗುತ್ತಾರೆ. ಒಂಬತ್ತನೆಯ ಶತಮಾನದ ಆ ಕೆಲಸಕ್ಕೆ ಸಾಟಿಯಿಲ್ಲ, ನಿಜ. ಆದರೆ ಅದೇ ಊರಿನ ಚೆನ್ನಕೇಶವನನ್ನೂ ನೋಡಿ, ಕೆತ್ತಿದವನ ಹೆಸರು ಹೊನ್ನೋಜ ಎಂದು ಒಮ್ಮೆ ಹೇಳಿ ಬನ್ನಿ.

ನುಗ್ಗೇಹಳ್ಳಿಗೆ ಹೋಗುವವರು ಬೆಳಕಿನ ಲೆಕ್ಕ ಇಟ್ಟುಕೊಳ್ಳಬೇಕು. ಮಸಾಚ್ಚೊ ತನ್ನ ಚಿತ್ರದೊಳಗಿನ ಬೆಳಕು ಆ ಪೂಜಾಗೃಹದ ನಿಜವಾದ ಕಿಟಕಿಯ ಕಡೆಯಿಂದಲೇ ಬರುವಂತೆ ಬರೆದಿದ್ದಾನೆ, ಅಲ್ಲಿ ಯಾವಾಗ ಹೋದರೂ ನೆರಳು ಬಿದ್ದೇ ಇರುತ್ತದೆ. ನಮ್ಮವರದು ಬಯಲ ಗೋಡೆ. ಧನುರ್ಮಾಸದ ಬಿಸಿಲು ದಿನವಿಡೀ ಬೈಚೋಜನ ಕಡೆಗೇ ಬೀಳುತ್ತದೆ, ಮಲ್ಲಿತಮ್ಮ ಆಗ ಪೂರ್ತಿ ನೆರಳಿನಲ್ಲಿ. ಚಳಿಗಾಲದ ರಜೆಯಲ್ಲಿ ಬಂದು ಒಂದೇ ಗೋಡೆಯ ಫೋಟೊ ಹೊಡೆದುಕೊಂಡು ಹೋಗುವವರು ಬಹಳ. ಮೇ ತಿಂಗಳಿಂದ ಜುಲೈವರೆಗೆ ಸೂರ್ಯ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆಗ ಮೋಡ ಇಲ್ಲದ ಬೆಳಗ್ಗೆ ಓರೆ ಬಿಸಿಲು ಉತ್ತರದ ಗೋಡೆಯನ್ನು ಸವರಿಕೊಂಡು ಹೋಗುತ್ತದೆ, ಪೀಠದ ಮೇಲಿನ ಅಕ್ಷರಗಳು ಸುಲಭವಾಗಿ ಓದಲು ಸಿಗುತ್ತವೆ. ತಿಪಟೂರಿನಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಪೆನ್ಸಿಲ್ ಮತ್ತು ಬಿಳಿ ಹಾಳೆ ಮರೆಯಬೇಡಿ.